ಮನೆ ಮೊದಲೊ, ಮರ ಮೊದಲೊ?

ಕನ್ನಡದ ಮೇಷ್ಟರೆಂದರೆ ಜನಕ್ಕೆ ಒಂದು ಬಗೆಯ ಸಲಿಗೆ. ಗಣಿತದ ಅಧ್ಯಾಪಕರನ್ನು ಕಂಡರೆ ಭಯ, ವಿಜ್ಞಾನದ ಅಧ್ಯಾಪಕರನ್ನು ಕಂಡರೆ ಗೌರವ. ಕನ್ನಡದವರನ್ನು ಕಂಡರೆ ಮಾತ್ರ, ‘ಇವರಿಗೆ ಹೇಗೂ ಪುರುಸೊತ್ತಿರುತ್ತದೆ’ ಎಂಬ ನಂಬಿಕೆ. ಆದುದರಿಂದಲೇ ನಮ್ಮ ಬೀದಿಯಲ್ಲಿ ಹುಟ್ಟಿದ ಮಗುವಿಗೆ ಹೆಸರು ಹುಡುಕುವುದರಿಂದ ಹಿಡಿದು ಲಗ್ನಪತ್ರಿಕೆಯ ಕಾಗುಣಿತ ತಿದ್ದುವವರೆಗೆ ಹಲವು ಕಾರ್ಯಗಳು ನನ್ನ ಪಾಲಿಗೆ ಬಂದಿವೆ. ನಾನೂ ಬೇಡವೆಂದವನಲ್ಲ. ಆದರೆ ಈಚೆಗೆ ಒಂದು ಭಾನುವಾರ ಬೆಳಗ್ಗೆ ಮೂರನೆಯ ಮನೆಯ ರಾಯರು ತಮ್ಮ ಮಗಳೊಡನೆ ಬಂದು ಕೇಳಿದ ಪ್ರಶ್ನೆ ಅಷ್ಟು ಹಗುರವಾದುದಲ್ಲ.

ರಾಯರು ಬ್ಯಾಂಕಿನಿಂದ ನಿವೃತ್ತರಾದವರು. ಬನಶಂಕರಿಯಲ್ಲಿ ನಲವತ್ತು ಅರವತ್ತರ ನಿವೇಶನ, ಹಳೆಯ ಹೆಂಚಿನ ಮನೆ. ಮಗಳು ವಾಸ್ತುಶಿಲ್ಪದ ಐದನೆಯ ವರ್ಷದಲ್ಲಿದ್ದಾಳೆ. “ಮೇಷ್ಟ್ರೇ, ಐದು ವರ್ಷ ಓದಿಸಿದ್ದೇನೆ. ಒಂದು ಕಚೇರಿಯವರು ಕೆಲಸಕ್ಕೆ ಬಾ ಎನ್ನುತ್ತಿದ್ದಾರೆ. ಇವಳು ಇನ್ನೂ ಎರಡು ವರ್ಷ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಓದುತ್ತಾಳಂತೆ. ಐದು ವರ್ಷ ಮನೆ ಕಟ್ಟುವುದನ್ನು ಕಲಿತು ಕಡೆಗೆ ಮಾಲಿಯಾಗುವುದೆ? ನೀವೇ ಹೇಳಿ” ಎಂದರು. ಹುಡುಗಿ ನೆಲ ನೋಡುತ್ತಿದ್ದಳು. ನಾನು ಕಾಫಿ ತರಿಸಿದೆ. ಉತ್ತರ ತೋಚದಾಗ ಕಾಫಿ ತರಿಸುವುದು ನಮ್ಮ ವೃತ್ತಿಯ ಹಳೆಯ ಉಪಾಯ.

ಕಾಫಿ ಮುಗಿಯುವಷ್ಟರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ರಾಯರಿಗೆ ಹಳೆಯ ಮನೆಯನ್ನು ಕೆಡವಿಸಿ, ಮಗಳಿಂದಲೇ ನಕ್ಷೆ ಬರೆಯಿಸಿ, ಮೂರು ಅಂತಸ್ತು ಏರಿಸಿ, ಎರಡನ್ನು ಬಾಡಿಗೆಗೆ ಕೊಡಬೇಕೆಂಬ ಆಸೆ. ವೃದ್ಧಾಪ್ಯಕ್ಕೆ ಅದೇ ಆಧಾರ. ಆದರೆ ನಿವೇಶನದ ಈಶಾನ್ಯದಲ್ಲಿ ಒಂದು ಮಾವಿನ ಮರವಿದೆ. ಈ ಹುಡುಗಿ ಹುಟ್ಟಿದ ವರ್ಷ ಅವಳ ತಾಯಿ ನೆಟ್ಟದ್ದು. ಆ ತಾಯಿ ಈಗಿಲ್ಲ. ಮರ ಉಳಿಯಬೇಕಾದರೆ ಪ್ರತಿ ಅಂತಸ್ತಿನಲ್ಲಿಯೂ ಒಂದೊಂದು ಕೋಣೆ ಕಡಮೆಯಾಗುತ್ತದೆ. ಈ ಮಾತನ್ನು ತಂದೆಯೂ ಪೂರ್ತಿ ಆಡಲಿಲ್ಲ, ಮಗಳೂ ಪೂರ್ತಿ ಆಡಲಿಲ್ಲ. ಉದ್ಯೋಗದ ಪ್ರಶ್ನೆಯೆಂದು ನಾವು ಕರೆಯುವ ಎಷ್ಟೋ ಪ್ರಶ್ನೆಗಳ ಬುಡದಲ್ಲಿ ಇಂಥದೊಂದು ಮರವಿರುತ್ತದೆ.

“ಕೂತು ಮಾತನಾಡುವುದು ಬೇಡ, ಲಾಲ್‌ಬಾಗಿಗೆ ಹೋಗೋಣ” ಎಂದೆ. ಮೂವರೂ ಬನಶಂಕರಿಯಲ್ಲಿ ಮೆಟ್ರೊ ಹತ್ತಿದೆವು.

ಮುಂದಿನ ನಿಲ್ದಾಣವೇ ರಾಷ್ಟ್ರೀಯ ವಿದ್ಯಾಲಯ ರಸ್ತೆಯದು. ಅಲ್ಲಿಂದ ಮುಂದಕ್ಕೆ ರೈಲು ಜಯನಗರದ ನೆತ್ತಿಯ ಮೇಲೆ ಹೋಗುತ್ತದೆ. ಈ ರಸ್ತೆಯ ಎರಡು ಪಕ್ಕಗಳ ನಡುವೆ ಉದ್ದಕ್ಕೂ ಲಕ್ಷ್ಮಣರಾವ್ ಉದ್ಯಾನವಿತ್ತು. 2009ರಲ್ಲಿ ಮೆಟ್ರೊ ಮಾರ್ಗಕ್ಕಾಗಿ ಅಲ್ಲಿನ ಮರಗಳನ್ನು ಕಡಿಯಲು ಹೊರಟಾಗ ಸುತ್ತಲಿನ ನಿವಾಸಿಗಳೂ ಪರಿಸರಪ್ರಿಯರೂ ಬೀದಿಗಿಳಿದು ಪ್ರತಿಭಟಿಸಿದರು. ಮರಗಳು ಹೋದುವು, 2017ರಲ್ಲಿ ರೈಲು ಬಂದಿತು. ನಾನು ಇದೇ ರೈಲಿನಲ್ಲಿ ದಿನವೂ ಕಾಲೇಜಿಗೆ ಹೋಗುತ್ತೇನಾದುದರಿಂದ ಅದನ್ನು ಹಳಿಯುವ ಅಧಿಕಾರ ನನಗಿಲ್ಲ. ರಾಯರಿಗೆ ಇಷ್ಟನ್ನೇ ಹೇಳಿದೆ: “ಮೊದಲು ಗೆರೆ ಎಳೆದು ಆಮೇಲೆ ಮರ ಎಣಿಸುವುದು ಒಂದು ಕ್ರಮ; ಮೊದಲು ಮರ ಎಣಿಸಿ ಆಮೇಲೆ ಗೆರೆ ಎಳೆಯುವುದು ಇನ್ನೊಂದು ಕ್ರಮ. ನಿಮ್ಮ ಮಗಳು ಎರಡನೆಯದನ್ನು ಕಲಿಯಬೇಕೆನ್ನುತ್ತಿದ್ದಾಳೆ.” ರಾಯರು ಕಿಟಕಿಯಿಂದ ಹೊರಗೆ ನೋಡಿದರು. “ಎರಡನೆಯವರನ್ನು ಕರೆಯುವವರು ಯಾರು?” ಎಂದರು. ಬ್ಯಾಂಕಿನಲ್ಲಿ ಸಾಲ ಮಂಜೂರು ಮಾಡಿದವರ ಪ್ರಶ್ನೆ ಯಾವಾಗಲೂ ಹೀಗೆ ನೇರವಾಗಿರುತ್ತದೆ.

ಲಾಲ್‌ಬಾಗು ಹೈದರಾಲಿಯ ಕಾಲದಲ್ಲಿ, 1760ರಲ್ಲಿ, ಆರಂಭವಾದ ತೋಟ. ಇಂದು ಸುಮಾರು 240 ಎಕರೆ. ಅದರ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಕೆಂಪೇಗೌಡರ ಗೋಪುರ ಅದರ ಮೇಲೆ ನಿಂತಿದೆ. ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. ಆಗ ಈ ತೋಟದ ಮೇಲ್ವಿಚಾರಕರಾಗಿದ್ದವರು ಜಾನ್ ಕ್ಯಾಮರಾನ್. ಕಬ್ಬಿಣವೂ ಗಾಜೂ ಸೇರಿ ಆದ ಈ ಮನೆಯನ್ನು ಕಟ್ಟಡವೆನ್ನಬೇಕೊ, ತೋಟದ ಒಂದು ಅಂಗವೆನ್ನಬೇಕೊ? ಹುಡುಗಿಯನ್ನು ಕೇಳಿದೆ. “ಸುತ್ತಲ ಮರಗಳನ್ನು ತೆಗೆದುಬಿಟ್ಟರೆ ಇದೊಂದು ದೊಡ್ಡ ಪಂಜರ, ಅಷ್ಟೆ” ಎಂದಳು. ಆ ದಿನ ಅವಳು ಆಡಿದ ಮೊದಲ ಮಾತು ಅದು.

ಕ್ಯಾಮರಾನರ ಬಳಿಕ ಬಂದವರು ಗುಸ್ತಾವ್ ಹೆರ್ಮಾನ್ ಕ್ರುಂಬಿಗಲ್. ಜರ್ಮನಿಯ ಡ್ರೆಸ್ಡೆನ್ ಬಳಿ 1865ರಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ತೋಟದಲ್ಲಿ ದುಡಿದು, 1893ರಲ್ಲಿ ಬರೋಡೆಗೆ ಬಂದು, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. 1932ರವರೆಗೆ ಲಾಲ್‌ಬಾಗಿನ ಹೊಣೆ ಅವರದು. ಬೆಂಗಳೂರಿನ ಬೀದಿಗಳಲ್ಲಿ ಒಂದು ಮರದ ಹೂವು ಮುಗಿಯುವ ಹೊತ್ತಿಗೆ ಇನ್ನೊಂದರ ಹೂವು ಆರಂಭವಾಗಬೇಕು, ವರ್ಷದ ಯಾವ ತಿಂಗಳೂ ಬರಿದಾಗಬಾರದು ಎಂಬ ಯೋಚನೆ ಅವರ ಹೆಸರಿನೊಡನೆ ಬೆಳೆದುಬಂದಿದೆ. ವಸಂತದಲ್ಲಿ ಹೊಂಗೆ ಚಿಗುರಿ, ಜಕರಂದ ನೀಲಿಯಾಗಿ, ಗುಲ್‌ಮೊಹರು ಕೆಂಪಾಗುವುದನ್ನು ನಾವು ಪ್ರಕೃತಿಯ ಲೀಲೆಯೆಂದು ನೋಡುತ್ತೇವೆ. ಅದರ ಹಿಂದೆ ಒಂದು ಪಟ್ಟಿ, ಒಂದು ಲೆಕ್ಕ, ಮುಂದಿನ ತಲೆಮಾರಿನ ನೆರಳನ್ನು ಎಣಿಸಿದ ಒಂದು ತಲೆಯಿತ್ತೆಂಬುದು ನೆನಪಾಗುವುದಿಲ್ಲ. ಅವರು 1956ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಅದೇ ಜರ್ಮನಿಯಿಂದ ಬಂದ ಇನ್ನೊಬ್ಬರ ಕಥೆಯನ್ನೂ ಹೇಳಿದೆ. ಓಟೊ ಕೋನಿಗ್ಸ್‌ಬರ್ಗರ್ 1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದರು. ನಾಜಿಗಳ ಕಾಲದಲ್ಲಿ ದೇಶ ಬಿಟ್ಟು, ಈಜಿಪ್ಟಿನಲ್ಲಿದ್ದು, 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಭಾರತೀಯ ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳು ಅವರವು. ನಮ್ಮ ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪವನ್ನು ರಚಿಸಿದವರೂ ಅವರೇ. 1948ರಲ್ಲಿ ಕೇಂದ್ರ ಸರಕಾರದ ವಸತಿ ವಿಭಾಗಕ್ಕೆ ಹೋಗಿ, ಆಮೇಲೆ ಲಂಡನ್ನಿನಲ್ಲಿ ನೆಲಸಿ, ಉಷ್ಣವಲಯದಲ್ಲಿ ಮನೆ ಕಟ್ಟುವ ಬಗೆಯನ್ನು ಪ್ರಪಂಚಕ್ಕೆ ಕಲಿಸಿದರು. ಬಿಸಿಲು ಎಲ್ಲಿಂದ ಬರುತ್ತದೆ, ಗಾಳಿ ಎತ್ತ ಬೀಸುತ್ತದೆ ಎಂಬುದನ್ನು ಮೊದಲು ಕೇಳಿ ಆಮೇಲೆ ಗೋಡೆ ಎಬ್ಬಿಸಬೇಕೆಂಬ ವಿದ್ಯೆ ಅದು.

“ಇಬ್ಬರಲ್ಲಿ ದೊಡ್ಡವರಾರು?” ಎಂದು ರಾಯರು ಕೇಳಿದರು. ಗೆದ್ದವರು ಯಾರೆಂದು ತಿಳಿಯದೆ ನಮಗೆ ಕಥೆ ಮುಗಿಯುವುದಿಲ್ಲ. ನಾನು ಹೇಳಿದುದು ಇಷ್ಟೆ: ಕಟ್ಟಡದ ಕೆಲಸ ಗೃಹಪ್ರವೇಶದ ದಿನ ಮುಗಿಯುತ್ತದೆ, ತೋಟದ ಕೆಲಸ ಆ ದಿನ ಆರಂಭವಾಗುತ್ತದೆ. ವಾಸ್ತುಶಿಲ್ಪಿ ತಾನು ಊಹಿಸಿದುದನ್ನು ಎರಡು ಮೂರು ವರ್ಷಗಳಲ್ಲಿ ಕಣ್ಣಾರೆ ಕಾಣುತ್ತಾನೆ. ಮರ ನೆಟ್ಟವನು ತನ್ನ ಊಹೆಯ ಅರ್ಧವನ್ನು ಮಾತ್ರ ಕಾಣುತ್ತಾನೆ. ಉಳಿದರ್ಧ ಬೇರೆಯವರಿಗೆ. ಯಾವುದು ದೊಡ್ಡದೆಂಬುದಕ್ಕಿಂತ ಯಾವುದನ್ನು ತಾಳಿಕೊಳ್ಳುವ ಸ್ವಭಾವ ನಮ್ಮದು ಎಂಬುದೇ ಮುಖ್ಯ.

ಹುಡುಗಿ ಆಗ ಬಾಯಿ ಬಿಟ್ಟಳು. “ನಮಗೆ ಪಾಠದಲ್ಲಿ ನಿವೇಶನದ ನಕ್ಷೆ ಕೊಡುತ್ತಾರೆ. ಗೆಳತಿಯರೆಲ್ಲ ಅದನ್ನು ಖಾಲಿ ಕಾಗದವೆಂದುಕೊಂಡು ಬರೆಯತೊಡಗುತ್ತಾರೆ. ನನಗೆ ಅದು ಆಗಲೇ ಯಾರೋ ಬರೆದ ಕಾಗದದ ಹಾಗೆ ಕಾಣುತ್ತದೆ. ನೀರು ಎತ್ತ ಹರಿಯುತ್ತದೆ, ಮಣ್ಣು ಎಷ್ಟು ಆಳವಿದೆ, ಎಲ್ಲ ಅಲ್ಲಿರುತ್ತದೆ. ಅದನ್ನು ಓದದೆ ಮೇಲೆ ಬರೆಯುವುದಕ್ಕೆ ಕೈ ಬರುವುದಿಲ್ಲ.” ಹಳೆಯ ಓಲೆಗರಿಗಳನ್ನು ಓದಿ ಎಂ.ಎ. ಪದವಿ ಪಡೆದ ನನಗೆ ಈ ಮಾತು ಬೇಗ ಅರ್ಥವಾಯಿತು. ರಾಯರಿಗೂ ಅರ್ಥವಾಗಿರಬೇಕು, ಅವರು ಮಗಳ ಮುಖವನ್ನು ಮೊದಲ ಬಾರಿಗೆ ಎಂಬಂತೆ ನೋಡಿದರು.

ಮಾಲಿಯ ಮಾತಿಗೆ ಬರೋಣ. ಮಾಲಿಯ ಕೆಲಸ ಕೀಳೆಂದು ನಾನು ಹೇಳಲಾರೆ. ಆದರೆ ಈ ವಿದ್ಯೆ ಬೇರೆ. ನೆಲದ ಏರಿಳಿತವನ್ನು ಅಳೆಯುವುದು, ಮಳೆಯ ನೀರಿಗೆ ದಾರಿ ಮಾಡುವುದು, ಮಣ್ಣನ್ನು ಪರೀಕ್ಷಿಸುವುದು, ಜನ ನಡೆಯುವ ಹಾದಿ, ಕೂರುವ ತಾಣ, ನೆರಳು, ಇವನ್ನೆಲ್ಲ ಗೊತ್ತುಮಾಡಿದ ಮೇಲೆ ಕಟ್ಟಕಡೆಗೆ ಗಿಡದ ಸರದಿ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕನ್ನು 1858ರಲ್ಲಿ ಯೋಜಿಸಿದ ಓಲ್ಮ್‌ಸ್ಟೆಡ್ ಮತ್ತು ವಾಕ್ಸ್ ಎಂಬಿಬ್ಬರ ತರುವಾಯ ಈ ವೃತ್ತಿಗೆ ಈ ಹೆಸರು ನಿಂತಿತು. ನಮ್ಮವರು ಇದನ್ನು ‘ಭೂದೃಶ್ಯ ವಾಸ್ತುಶಿಲ್ಪ’ ಎಂದು ಕನ್ನಡಿಸಿದ್ದಾರೆ. ಈ ‘ದೃಶ್ಯ’ ಎಂಬ ಪದವೇ ಎಲ್ಲ ಕೆಡಿಸಿದೆಯೆಂದು ನನ್ನ ಅಭಿಪ್ರಾಯ. ಕಣ್ಣಿಗೆ ಚೆಂದ ಕಾಣುವಂತೆ ಮಾಡುವುದಷ್ಟೆ ಕೆಲಸವೆಂಬ ಭ್ರಮೆಯನ್ನು ಅದು ಹುಟ್ಟಿಸುತ್ತದೆ.

ಹಾಗೆ ನೋಡಿದರೆ ‘ವಾಸ್ತು’ ಎಂಬ ಪದವೊಂದೇ ಸಾಕಾಗಿತ್ತು. ಇಂದು ಆ ಪದ ಕೇಳಿದೊಡನೆ ನಮಗೆ ಅಡುಗೆಮನೆ ಯಾವ ಮೂಲೆಯಲ್ಲಿರಬೇಕೆಂಬುದಷ್ಟೇ ನೆನಪಾಗುತ್ತದೆ. ಆದರೆ ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ವಾಸ್ತುವೆಂದರೇನೆಂದು ವಿವರಿಸುವಾಗ ಮನೆಯನ್ನು ಹೇಳಿ ನಿಲ್ಲಿಸುವುದಿಲ್ಲ. ಹೊಲ, ತೋಟ, ಕಟ್ಟೆ, ಕೆರೆ ಎಲ್ಲವನ್ನೂ ಅದೇ ಪದದೊಳಗೆ ಸೇರಿಸುತ್ತಾನೆ. ನಾವು ಮನೆಯನ್ನು ಇಟ್ಟುಕೊಂಡು ಕೆರೆಯನ್ನು ಕೈಬಿಟ್ಟೆವು. ಪಂಪನು ಬನವಾಸಿಯನ್ನು ನೆನೆದಾಗಲೂ ಅವನ ಮನಸ್ಸು ಹೋದುದು ಗಾಳಿಗೆ, ಹಾಡಿಗೆ, ಮಲ್ಲಿಗೆಗೆ, ಅರಮನೆಯ ಕಂಬಗಳಿಗಲ್ಲ.

ನಮ್ಮ ದಕ್ಷಿಣ ಬೆಂಗಳೂರಿನ ಬಡಾವಣೆಗಳ ಹೆಸರನ್ನೇ ನೋಡಿ. ಬಿ.ಟಿ.ಎಂ. ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಜೆ.ಪಿ. ನಗರದಲ್ಲಿ ಸಾರಕ್ಕಿ, ಪುಟ್ಟೇನಹಳ್ಳಿ. ಜಯನಗರದ ಪಕ್ಕದಲ್ಲಿ ಯಡಿಯೂರು. ಎಲ್ಲವೂ ಕೆರೆಗಳೇ. ಬಸವನಗುಡಿಯ ದಿಬ್ಬದ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಯಾಗಿ ಅರ್ಕಾವತಿಗೆ ಸೇರಿ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದುದು ಬೆಳ್ಳಂದೂರು, ವರ್ತೂರು ಕೆರೆಗಳ ದಾರಿಯಲ್ಲಿ ದಕ್ಷಿಣ ಪಿನಾಕಿನಿಗೆ. ದಿಬ್ಬದ ಆಚೆ ಈಚೆ ಬಿದ್ದ ಎರಡು ಹನಿಗಳಿಗೆ ಎರಡು ನದಿ! ನಿವೇಶನಗಳನ್ನು ಚೌಕಚೌಕವಾಗಿ ಹಂಚುವಾಗ ಈ ದಿಬ್ಬವನ್ನು ನೆನೆದವರೆಷ್ಟು ಮಂದಿ?

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯಿದೆ. ನನ್ನದು ಮೂವತ್ತು ನಲವತ್ತರ ನಿವೇಶನ, ತಂದೆಯವರು ಕಟ್ಟಿಸಿದ ಮನೆ. ಮುಂದೆ ಪಾರಿಜಾತದ ಗಿಡವೂ ಒಂದಿಷ್ಟು ಮಣ್ಣೂ ಇದ್ದುವು. ಕೆಲವು ವರ್ಷಗಳ ಹಿಂದೆ ಕಾರು ಕೊಂಡಾಗ ಅದನ್ನೆಲ್ಲ ತೆಗೆಸಿ ಸಿಮೆಂಟು ಬಳಿಸಿದೆ. ಕೆಸರಿಲ್ಲ, ಎಲೆ ಗುಡಿಸುವ ಕಾಟವಿಲ್ಲವೆಂದು ಹಿಗ್ಗಿದೆ. 2024ರ ಬೇಸಿಗೆಯಲ್ಲಿ ಊರಿಗೇ ನೀರಿನ ಬರ ಬಂದಾಗ ನಮ್ಮ ಕೊಳವೆಬಾವಿಯೂ ಬತ್ತಿತು. ಟ್ಯಾಂಕರಿಗಾಗಿ ಕಾಯುತ್ತ ಕುಳಿತ ಒಂದು ಸಂಜೆ ಲೆಕ್ಕ ಹಾಕಿದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು. ನನ್ನ ನಿವೇಶನ ಸುಮಾರು 111 ಚದರ ಮೀಟರು. ವರ್ಷಕ್ಕೆ 900 ಮಿಲಿಮೀಟರು ಮಳೆಯೆಂದು ಹಿಡಿದರೂ ಒಂದು ಲಕ್ಷ ಲೀಟರು. ಆರು ಸಾವಿರ ಲೀಟರಿನ ಟ್ಯಾಂಕರಾದರೆ ಹದಿನಾರು. ಅಷ್ಟನ್ನೂ ಚರಂಡಿಗೆ ಬಿಟ್ಟು, ಹದಿನೇಳನೆಯದಕ್ಕೆ ನಾನು ದುಡ್ಡು ಹಿಡಿದುಕೊಂಡು ಕಾಯುತ್ತಿದ್ದೆ! ಬೆಂಗಳೂರಿನಲ್ಲಿ 1200 ಚದರಡಿಯ ನಿವೇಶನದ ಹೊಸ ಮನೆಗಳಿಗೂ 2400 ಚದರಡಿಯ ಹಳೆಯ ಮನೆಗಳಿಗೂ ಮಳೆನೀರು ಹಿಡಿಯುವುದು ಕಡ್ಡಾಯವೆಂದು 2009ರಲ್ಲೇ ಕಾನೂನಾಗಿದೆ. ಅದನ್ನು ಹೇಗೆ ಮಾಡಬೇಕೆಂದು ತೋರಿಸಲು ಜಯನಗರದ ಐದನೆಯ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಕೇಂದ್ರವೇ ಇದೆ. ನಾನು ಅದರ ಮುಂದೆ ಎಷ್ಟೋ ಸಲ ಹಾದುಹೋಗಿದ್ದೇನೆ. ಒಳಗೆ ಹೋದುದು ನೀರು ಬತ್ತಿದ ಮೇಲೆ.

ರಾಯರು ನಕ್ಕರು. “ಹಾಗಾದರೆ ಓದಲಿ ಎನ್ನುತ್ತೀರಿ” ಎಂದರು. ಅಷ್ಟು ಸುಲಭವಾಗಿ ಹೇಳುವಂತಿಲ್ಲ ಎಂದೆ. ತಂದೆಯ ಭಯವೂ ಸುಳ್ಳಲ್ಲವಷ್ಟೆ. ಈ ವೃತ್ತಿಯವರನ್ನು ಅನೇಕರು ಕರೆಯುವುದು ಕಟ್ಟಡ ಎದ್ದ ಮೇಲೆ. ಹಣ ಸಾಲದೆ ಬಂದಾಗ ಮೊದಲು ಕತ್ತರಿ ಬೀಳುವುದು ತೋಟಕ್ಕೆ. ನೆಟ್ಟ ಗಿಡಕ್ಕೆ ಮೂರು ವರ್ಷ ನೀರು ಹಾಕುವವರಿಲ್ಲದಿದ್ದರೆ ಒಳ್ಳೆಯ ನಕ್ಷೆಯೂ ಒಣಗುತ್ತದೆ. ಮನೆ ಕಟ್ಟಿಸುವವರು ಪ್ರತಿ ಬೀದಿಯಲ್ಲಿಯೂ ಇರುತ್ತಾರೆ. ನೆಲವನ್ನು ಯೋಜಿಸಬೇಕೆನ್ನುವವರು ದೊಡ್ಡ ಸಂಸ್ಥೆಗಳು, ಸರಕಾರ, ಕೆರೆಗಳನ್ನು ಉಳಿಸಹೊರಟವರು, ಹೀಗೆ ಕೆಲವರು.

ಕಾನೂನಿನ ವಿಚಾರವೂ ಇದೆ. 1972ರ ವಾಸ್ತುಶಿಲ್ಪಿಗಳ ಅಧಿನಿಯಮದಂತೆ, ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳದವರು ‘ಆರ್ಕಿಟೆಕ್ಟ್’ ಎಂದು ಹೆಸರು ಹಚ್ಚಿಕೊಳ್ಳುವಂತಿಲ್ಲ. ಆದರೆ ಅದರ 37ನೆಯ ಪ್ರಕರಣ ಇಬ್ಬರನ್ನು ಹೊರಗಿಟ್ಟಿದೆ: ಭೂದೃಶ್ಯದವರು ಒಬ್ಬರು, ಹಡಗಿನ ವಿನ್ಯಾಸಕರು ಇನ್ನೊಬ್ಬರು. ಎಂದರೆ ಆ ಹೆಸರಿನ ಹಲಗೆಯನ್ನು ಈ ಕಾಯಿದೆ ಯಾರಿಗೂ ತಡೆಯುವುದಿಲ್ಲ. ಆ ಹೆಸರಿಗೆ ಅದರ ರಕ್ಷಣೆಯೂ ಇಲ್ಲ. ಆದುದರಿಂದಲೇ ವಾಸ್ತುಶಿಲ್ಪದ ಐದು ವರ್ಷದ ಪದವಿಯನ್ನು ಮುಗಿಸಿ, ನೋಂದಣಿಯನ್ನು ಕೈಯಲ್ಲಿ ಹಿಡಿದುಕೊಂಡು, ಆಮೇಲೆ ಎರಡು ವರ್ಷದ ಸ್ನಾತಕೋತ್ತರ ವ್ಯಾಸಂಗಕ್ಕೆ ಹೋಗುವುದು ನಮ್ಮ ದೇಶದಲ್ಲಿ ಬಹುಮಂದಿ ಹಿಡಿದ ದಾರಿ. ದೆಹಲಿಯ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆ, ಅಹಮದಾಬಾದಿನ ಸೆಪ್ಟ್ ಇವುಗಳಲ್ಲಿ ಈ ವ್ಯಾಸಂಗ ಬಹುಕಾಲದಿಂದ ನಡೆದಿದೆ.

ಪಿ.ಯು.ಸಿ. ಓದುತ್ತಿರುವ ಮಕ್ಕಳ ತಂದೆತಾಯಿಗಳು ಇದನ್ನು ಗಮನಿಸಬೇಕು. ಹದಿನೆಂಟನೆಯ ವಯಸ್ಸಿನಲ್ಲಿ ‘ಅದೊ, ಇದೊ’ ಎಂದು ಮಗುವನ್ನು ಹಿಂಸಿಸಬೇಕಾಗಿಲ್ಲ. ಭೌತಶಾಸ್ತ್ರ, ಗಣಿತ ಓದಿ, ನಾಟಾ ಪರೀಕ್ಷೆ ಬರೆದು ವಾಸ್ತುಶಿಲ್ಪಕ್ಕೆ ಸೇರಿದರೆ ಮೊದಲ ಐದು ವರ್ಷ ಎರಡೂ ದಾರಿ ಒಂದೇ. ನಮ್ಮ ಭಾಗದಲ್ಲಿಯೇ ಬಿ.ಎಂ.ಎಸ್., ಆರ್.ವಿ., ದಯಾನಂದ ಸಾಗರ ಮೊದಲಾದ ಕಾಲೇಜುಗಳಿವೆ. ದಾರಿ ಕವಲೊಡೆಯುವುದು ಇಪ್ಪತ್ತಮೂರರಲ್ಲಿ. ಅಷ್ಟರಲ್ಲಿ ಕೈಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದು ತಿಳಿದಿರುತ್ತದೆ.

ಹುಡುಗಿಗೆ ನಾನು ಹೇಳಿದುದು ಎರಡೇ ಮಾತು. ಮೊದಲನೆಯದು: ಒಂದು ವರ್ಷ ಆ ಕಚೇರಿಯ ಕೆಲಸಕ್ಕೆ ಸೇರು. ಗಾರೆಯವರು, ಬಡಗಿಗಳು, ಗುತ್ತಿಗೆದಾರರು, ಹಣ ಕೊಡುವವರು ಇವರ ನಡುವೆ ನಿಂತು ನೋಡು. ಆಗಲೂ ಬೆಳಗ್ಗೆ ಎದ್ದೊಡನೆ ನಿನ್ನ ಕೈ ಗೋಡೆಯ ನಕ್ಷೆಗಿಂತ ಮೊದಲು ನೆಲದ ನಕ್ಷೆಗೇ ಹೋದರೆ, ಹೋಗಿ ಓದು. ಎರಡನೆಯದು: ಬನ್ನೇರುಘಟ್ಟ ರಸ್ತೆಯ ಭಾರತೀಯ ನಿರ್ವಹಣಾ ಸಂಸ್ಥೆಯನ್ನು ಒಮ್ಮೆ ನೋಡಿ ಬಾ. ಅದನ್ನು ರಚಿಸಿದವರು ಬಾಲಕೃಷ್ಣ ದೋಶಿ. 2018ರಲ್ಲಿ ಪ್ರಿಟ್ಸ್‌ಕರ್ ಪ್ರಶಸ್ತಿ ಪಡೆದವರು. ಅಲ್ಲಿ ಕಲ್ಲಿನ ಗೋಡೆ ಎಲ್ಲಿ ಮುಗಿಯಿತು, ಬಳ್ಳಿಯ ಚಪ್ಪರ ಎಲ್ಲಿ ತೊಡಗಿತು ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಒಳ್ಳೆಯ ಕೆಲಸದಲ್ಲಿ ಈ ಎರಡು ವಿದ್ಯೆಗಳ ಗಡಿ ಅಳಿಸಿಹೋಗಿರುತ್ತದೆ. ಯಾವ ಬಾಗಿಲಿನಿಂದ ಒಳಹೊಕ್ಕರೂ ಅಲ್ಲಿಗೆ ಬಂದು ಸೇರಬೇಕು.

ಹಿಂದಿರುಗುವಾಗ ರಾಯರು ಮಾತಾಡಲಿಲ್ಲ. ಮನೆಯ ಮುಂದೆ ನಿಂತು ಮಾವಿನ ಮರವನ್ನು ಒಂದು ಗಳಿಗೆ ನೋಡಿ, “ಒಂದು ಕೋಣೆಯ ಬಾಡಿಗೆ ತಿಂಗಳು ತಿಂಗಳೂ ಬರುತ್ತದೆ ಮೇಷ್ಟ್ರೇ, ಹಣ್ಣು ವರ್ಷಕ್ಕೊಂದು ಸಲ” ಎಂದು ಒಳಗೆ ಹೋದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅವರ ಲೆಕ್ಕವೂ ಲೆಕ್ಕವೇ. ಆ ಬಾಡಿಗೆ ಅವರ ಔಷಧಿಯ ಹಣ.

ಮೂರು ವಾರಗಳ ಬಳಿಕ ಅವರು ಒಂದು ಸುರುಳಿ ಕಾಗದವನ್ನು ತಂದು ನನ್ನ ಮೇಜಿನ ಮೇಲೆ ಬಿಚ್ಚಿದರು. ಮಗಳು ಬರೆದ ಹೊಸ ಮನೆಯ ನಕ್ಷೆ. ಈಶಾನ್ಯದಲ್ಲಿ ಒಂದು ದೊಡ್ಡ ವೃತ್ತ. ಮರದ ಕೊಂಬೆಗಳು ಹರಡುವಷ್ಟು ಅಗಲ. ಗೋಡೆ ಅದನ್ನು ಬಳಸಿಕೊಂಡು ಹಿಂದೆ ಸರಿದಿತ್ತು. ಎರಡು ಅಂತಸ್ತುಗಳಲ್ಲಿ ಕೋಣೆ ಕಡಮೆಯಾಗಿದ್ದುವು. ಮೂರನೆಯದರಲ್ಲಿ ಏನೋ ಯುಕ್ತಿಯಿಂದ ಉಳಿಸಿಕೊಂಡಿದ್ದಳು. “ಎರಡು ಕೋಣೆ ಹೋಯಿತು” ಎಂದರು ರಾಯರು. ದನಿಯಲ್ಲಿ ದೂರಿತ್ತೊ, ಮತ್ತೇನಿತ್ತೊ ತಿಳಿಯಲಿಲ್ಲ. ಹುಡುಗಿ ಕೆಲಸಕ್ಕೆ ಸೇರಲು ಒಪ್ಪಿದ್ದಾಳೆ, ಒಂದೇ ವರ್ಷಕ್ಕೆ. ಆಮೇಲಿನ ಎರಡು ವರ್ಷದ ಶುಲ್ಕಕ್ಕೆಂದು ರಾಯರು ಬೇರೆಯೊಂದು ಠೇವಣಿ ತೆರೆದಿದ್ದಾರೆ. ಅದನ್ನು ಮಗಳಿಗೆ ಇನ್ನೂ ಹೇಳಿಲ್ಲವಂತೆ. ನಾನೂ ಹೇಳುವುದಿಲ್ಲ, ಓದುಗರು ನಮ್ಮ ಬೀದಿಯವರಾಗಿದ್ದರೆ ದಯವಿಟ್ಟು ಸುಮ್ಮನಿರಬೇಕು.

ನನ್ನ ಮನೆಯ ಮುಂದಿನ ಸಿಮೆಂಟನ್ನು ಗೋಡೆಯ ಉದ್ದಕ್ಕೂ ಮೂರಡಿ ಅಗಲ ಒಡೆಸಿ, ಕೆಳಗಿನ ಮಣ್ಣನ್ನು ಸಡಿಲಿಸಿ, ಪಾರಿಜಾತದ ಒಂದು ಸಸಿ ನೆಟ್ಟಿದ್ದೇನೆ. ಕಾರು ಈಗ ಸ್ವಲ್ಪ ಓರೆಯಾಗಿ ನಿಲ್ಲುತ್ತದೆ. ಮೊನ್ನೆ ರಾತ್ರಿ ಜೋರು ಮಳೆ ಬಂದಿತು. ಕೊಡೆ ಹಿಡಿದು ಹೊರಗೆ ಬಂದು ನೋಡಿದೆ. ನಮ್ಮ ಮನೆಯ ನೀರು ಬೀದಿಗೆ ಹರಿಯಲಿಲ್ಲವೆಂದು ಹೇಳಲಾರೆ, ಹಿಂದಿನಷ್ಟು ಹರಿಯಲಿಲ್ಲ.